ದಾದಿಯ ಸರದಿ ಯಾವಾಗ?

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 2000ನೆಯ ಇಸವಿಯಿಂದ 2003ರವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. 30ರಿಂದ 59 ವರ್ಷ ವಯಸ್ಸಿನ ಆರೋಗ್ಯವಂತ ಹೆಂಗಸರನ್ನು ಕರೆದು, ಅವರ ಗರ್ಭಕೋಶದ ಕೊರಳಿನಲ್ಲಿ ಏಡಿಗಂತಿಯ ಮುನ್ಸೂಚನೆಗಳೇನಾದರೂ ಇವೆಯೆ ಎಂದು ನೋಡುವುದು ಅದರ ಉದ್ದೇಶ. (ಕ್ಯಾನ್ಸರನ್ನು ಕನ್ನಡದಲ್ಲಿ ಏಡಿಗಂತಿ ಎನ್ನುವುದುಂಟು. ಎರಡು ಮಾತುಗಳಲ್ಲಿಯೂ ಅಡಗಿರುವುದು ಏಡಿಯೆ.) ಪರೀಕ್ಷೆಯನ್ನು ಮಾಡಿದವರು ಪಟ್ಟಣದ ತಜ್ಞ ವೈದ್ಯರಲ್ಲ, ಆ ಕೆಲಸಕ್ಕೆಂದೇ ತರಬೇತು ಪಡೆದ ದಾದಿಯರು. ಸಂದೇಹ ಕಂಡ ಹೆಂಗಸರನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ಮತ್ತೊಮ್ಮೆ ನೋಡಿದವರೂ ಅವರೆ, ತಕ್ಕ ಸಂದರ್ಭಗಳಲ್ಲಿ ಕೆಟ್ಟ ಪೊರೆಯನ್ನು ಹೆಪ್ಪುಗಟ್ಟಿಸಿ ನಾಶಮಾಡಿದವರೂ ಅವರೆ. ಅರ್ಹರಾದ 49,311 ಹೆಂಗಸರಲ್ಲಿ 31,343 ಮಂದಿ, ಎಂದರೆ 100ಕ್ಕೆ ಸುಮಾರು 64 ಮಂದಿ, ಬಂದು ಪರೀಕ್ಷೆ ಮಾಡಿಸಿಕೊಂಡರು. 2006ರವರೆಗಿನ ಲೆಕ್ಕ ತೆಗೆದಾಗ, ದಾದಿಯರು ಕೆಲಸ ಮಾಡಿದ ಊರುಗಳಲ್ಲಿ ಈ ರೋಗದಿಂದಾದ ಸಾವು, ಹೋಲಿಕೆಗೆಂದು ಬಿಟ್ಟಿದ್ದ ಊರುಗಳಲ್ಲಿದ್ದುದಕ್ಕಿಂತ 100ಕ್ಕೆ 35ರಷ್ಟು ಕಡಮೆಯಾಗಿತ್ತು. ಹೋಲಿಕೆಯ ಊರಿನ ಹೆಂಗಸರನ್ನು ತಪಾಸಣೆಯಿಲ್ಲದೆ ಬಿಟ್ಟುದು ನ್ಯಾಯವೆ ಎಂದು ನಮ್ಮ ದೇಶದ ಇಂಥ ಪ್ರಯೋಗಗಳ ಬಗ್ಗೆ ಮುಂದೆ ಆಕ್ಷೇಪಣೆ ಎದ್ದಿತು. ಅದು ಎತ್ತತಕ್ಕ ಪ್ರಶ್ನೆಯೇ ಸರಿ. ಆದರೆ ಒಬ್ಬ ದಾದಿ, ಒಂದು ದೀಪ, ಸ್ವಲ್ಪ ಹತ್ತಿ ಮತ್ತು ವಿನಿಗರಿನಂಥ ದ್ರಾವಣದಿಂದ ಎಷ್ಟು ಪ್ರಾಣಗಳನ್ನು ಉಳಿಸಬಹುದೆಂಬುದು ಆ ಪ್ರಯೋಗದಿಂದ ಸ್ಪಷ್ಟವಾಯಿತು.

ಈಗ ಇನ್ನೊಂದು ಲೆಕ್ಕವನ್ನು ನೋಡೋಣ. ಆಫ್ರಿಕದ ಉಗಾಂಡ ದೇಶದ ರಾಜಧಾನಿಯಾದ ಕಂಪಾಲದಲ್ಲಿ ಮುಲಾಗೊ ಎಂಬ ದೊಡ್ಡ ಬೋಧನಾಸ್ಪತ್ರೆಯಿದೆ. ಗರ್ಭಕೊರಳಿನ ಏಡಿಗಂತಿ ಆ ದೇಶದಲ್ಲಿ ಬಹಳ. ಆಸ್ಪತ್ರೆಯ ದಾದಿಯರು, ವೈದ್ಯರು ಮತ್ತು ಕೊನೆಯ ವರ್ಷದ ವೈದ್ಯವಿದ್ಯಾರ್ಥಿಗಳು ಈ ರೋಗದ ವಿಷಯದಲ್ಲಿ ಏನು ಬಲ್ಲರು, ತಾವು ಏನು ಮಾಡುತ್ತಾರೆ ಎಂದು ಅಲ್ಲಿಯ ಸಂಶೋಧಕರು ವಿಚಾರಿಸಿ 2006ರಲ್ಲಿ ಪ್ರಕಟಿಸಿದರು. ಇದು ಜನಾರೋಗ್ಯದ ದೊಡ್ಡ ಸಮಸ್ಯೆಯೆಂದು 100ಕ್ಕೆ 93 ಮಂದಿ ಒಪ್ಪಿದರು. ಇದನ್ನು ಮೊದಲೇ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಯನ್ನು 100ಕ್ಕೆ 83 ಮಂದಿ ಬಲ್ಲವರಾಗಿದ್ದರು. ಆದರೆ ಉತ್ತರ ಕೊಟ್ಟ ಹೆಂಗಸರಲ್ಲಿ 100ಕ್ಕೆ 81 ಮಂದಿ ಆ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿಕೊಂಡಿರಲಿಲ್ಲ. 65 ಮಂದಿಗೆ ಈ ರೋಗ ತಮಗೂ ಬಂದೀತೆಂಬ ಭಾವನೆಯೇ ಇರಲಿಲ್ಲ.

ದೇಶ ಬೇರೆ, ಕಾಲ ಬೇರೆ, ಪರೀಕ್ಷೆಯ ಬಗೆಯೂ ಬೇರೆ. ಆದುದರಿಂದ ಈ ಎರಡು ಲೆಕ್ಕಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು. ಆದರೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಯೋಚನೆಗೆ ಹಚ್ಚುವಂತಿವೆ. ರೋಗದ ಹೆಸರನ್ನೇ ಕೇಳದಿದ್ದ ಅನೇಕ ಹಳ್ಳಿಯ ಹೆಂಗಸರು ಪರೀಕ್ಷೆಗೆ ಬಂದರು. ಅದನ್ನು ಓದಿ, ಅದರಿಂದ ಸಾಯುವವರ ಮಗ್ಗುಲಲ್ಲಿ ನಿಂತು ನೋಡಿದವರು ಬರಲಿಲ್ಲ. ತಿಳಿವಳಿಕೆಯೊಂದೇ ಮನುಷ್ಯನನ್ನು ನಡೆಸುವುದಾದರೆ ಇದು ತಲೆಕೆಳಗಾಗಬೇಕಾಗಿತ್ತಲ್ಲವೆ?

ಈ ಒಗಟನ್ನು ಬಿಡಿಸುವುದಕ್ಕೆ ಮೊದಲು ರೋಗದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಗರ್ಭಕೊರಳಿನಲ್ಲಿ ಎರಡು ಬಗೆಯ ಪೊರೆಗಳು ಸಂಧಿಸುತ್ತವೆ. ಒಳಗಿನದು ಕಂಬಗಳಂತೆ ನಿಂತ ಒಂದೇ ಸಾಲಿನ ಜೀವಕಣಗಳ ಪೊರೆ. ಹೊರಗಿನದು ಹೆಂಚು ಹೊದಿಸಿದಂತೆ ಪದರಪದರವಾಗಿರುವ ಚಪ್ಪಟೆ ಕಣಗಳ ಪೊರೆ. ಇವೆರಡರ ಗಡಿಯಲ್ಲಿ ಕಣಗಳು ಹರೆಯದಿಂದ ಮೊದಲ್ಗೊಂಡು ಸದಾ ರೂಪ ಬದಲಾಯಿಸುತ್ತಿರುತ್ತವೆ. ಪ್ಯಾಪಿಲೋಮ ವೈರಸ್ ಹೊಂಚುಹಾಕುವುದು ಈ ಗಡಿಯಲ್ಲಿಯೆ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹು ಸಾಮಾನ್ಯವಾದದ್ದು. ತಗುಲಿದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷಗಳಲ್ಲಿ ಅದನ್ನು ತಾನಾಗಿಯೇ ಹೊರದೂಡುತ್ತದೆ. ಕೆಲವರಲ್ಲಿ ಮಾತ್ರ ಅದು ಬೇರೂರುತ್ತದೆ. ಜೀವಕಣವು ಮಿತಿಮೀರಿ ಒಡೆಯದಂತೆ ತಡೆಯುವ ಎರಡು ಮುಖ್ಯ ಬಿರಿಗಳುಂಟು. ಬೇರೂರಿದ ವೈರಸ್ಸಿನ ಎರಡು ಪ್ರೋಟೀನುಗಳು ಒಂದೊಂದು ಬಿರಿಯನ್ನು ಹಿಡಿದು ಕೆಡಿಸಿಬಿಡುತ್ತವೆ. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ 1983 ಮತ್ತು 1984ರಲ್ಲಿ ಈ ವೈರಸ್ಸಿನ 16 ಮತ್ತು 18ನೆಯ ತಳಿಗಳನ್ನು ಏಡಿಗಂತಿಯಲ್ಲಿ ಗುರುತಿಸಿದರು. ಗರ್ಭಕೊರಳಿನ ಏಡಿಗಂತಿಗಳಲ್ಲಿ 100ಕ್ಕೆ ಸುಮಾರು 70ಕ್ಕೆ ಈ ಎರಡು ತಳಿಗಳೇ ಕಾರಣ. ಈ ಕೆಲಸಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಬಿರಿ ಕೆಟ್ಟ ಮಾತ್ರಕ್ಕೆ ಏಡಿಗಂತಿಯಾಗುವುದಿಲ್ಲ. ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಈ ದೀರ್ಘ ಕಾಲದಲ್ಲಿ ನೋವಿಲ್ಲ, ರಕ್ತಸ್ರಾವವಿಲ್ಲ, ಹಸಿವು ಕೆಡುವುದಿಲ್ಲ. ಹೆಂಗಸು ನೀರು ಹೊತ್ತು, ಹೊಲದಲ್ಲಿ ದುಡಿದು, ಮಕ್ಕಳನ್ನು ಸಾಕಿಕೊಂಡು ಎಂದಿನಂತೆ ಇರುತ್ತಾಳೆ. ಈ ಅವಕಾಶದಲ್ಲಿ ಕೆಟ್ಟ ಪೊರೆಯನ್ನು ಕಂಡುಹಿಡಿದರೆ ಕೆಲವು ನಿಮಿಷಗಳ ಚಿಕಿತ್ಸೆಯಿಂದ ರೋಗವನ್ನು ಬರದಂತೆಯೇ ಮಾಡಬಹುದು. ಇತರ ಅನೇಕ ಏಡಿಗಂತಿಗಳಲ್ಲಿ ಇಂಥ ಸೌಕರ್ಯವಿಲ್ಲ. ತಪಾಸಣೆ ಎಂಬುದಕ್ಕೆ ಇಲ್ಲಿ ವಿಶೇಷವಾದ ಅರ್ಥವುಂಟೆಂಬುದನ್ನು ವಾಚಕರು ಗಮನಿಸಬೇಕು. ರೋಗಿಯನ್ನು ಪರೀಕ್ಷಿಸುವುದಕ್ಕೆ ಈ ಹೆಸರಲ್ಲ, ಆರೋಗ್ಯವಂತೆಯನ್ನು ಪರೀಕ್ಷಿಸುವುದಕ್ಕೆ. ನಮ್ಮ ಒಗಟಿನ ಗಂಟು ಇರುವುದು ಈ ಮಾತಿನಲ್ಲಿಯೆ ಎಂದು ನಮಗೆ ತೋರುತ್ತದೆ.

ಮೇಲೆ ಹೆಸರಿಸಿದ ಪ್ಯಾಪ್ ಪರೀಕ್ಷೆಗೆ ಆ ಹೆಸರು ಬಂದುದು ಗ್ರೀಸ್ ದೇಶದ ಜಾರ್ಜ್ ಪಾಪನಿಕೊಲಾವು ಎಂಬ ವೈದ್ಯನಿಂದ. 1913ರಲ್ಲಿ ಆತ ತನ್ನ ಹೆಂಡತಿ ಆಂಡ್ರೊಮಾಕಿಯೊಡನೆ ನ್ಯೂಯಾರ್ಕಿಗೆ ಬಂದು, ಮುಂದೆ ಕಾರ್ನೆಲ್ ವೈದ್ಯಶಾಲೆಯಲ್ಲಿ ಗಿನಿ ಇಲಿಗಳ ಮೇಲೆ ಸಂಶೋಧನೆ ನಡೆಸಿದ. ಯೋನಿಯ ದ್ರವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ಸ್ಥಿತಿ ತಿಳಿಯುತ್ತದೆಂದು ಕಂಡುಕೊಂಡ. ಇಲಿಯಿಂದ ಮನುಷ್ಯರಿಗೆ ಹೋಗುವುದು ಹೇಗೆ? ಆಂಡ್ರೊಮಾಕಿ ಆತನ ಪ್ರಯೋಗಶಾಲೆಯಲ್ಲಿಯೇ ಸಂಬಳವಿಲ್ಲದೆ ದುಡಿಯುತ್ತಿದ್ದಳು. ಸುಮಾರು ಎರಡು ದಶಕಗಳ ಕಾಲ ತನ್ನ ದೇಹದಿಂದಲೇ ಮಾದರಿಗಳನ್ನು ಕೊಟ್ಟವಳೂ ಅವಳೆ. ಆರೋಗ್ಯವಂತೆಯ ಕಣಗಳು ಹೇಗಿರುತ್ತವೆಂಬುದು ಹಾಗೆ ತಿಳಿದುದರಿಂದಲೇ ರೋಗದ ಕಣಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ಪಾಪನಿಕೊಲಾವು 1928ರಲ್ಲಿ ಮೊದಲು ಈ ವಿಷಯವನ್ನು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರೌಟ್ ಎಂಬ ವೈದ್ಯನೊಡನೆ 1941 ಮತ್ತು 1943ರಲ್ಲಿ ವಿಸ್ತಾರವಾಗಿ ಬರೆದ ಮೇಲೆ ಜಗತ್ತು ಒಪ್ಪಿತು. ಪರೀಕ್ಷೆಗೆ ಗಂಡನ ಹೆಸರು ಉಳಿಯಿತು.

ಪರೀಕ್ಷೆ ದೊರೆತರೆ ಸಾಲದು ಎಂಬುದಕ್ಕೆ ಇಂಗ್ಲೆಂಡಿನ ಕಥೆ ಒಳ್ಳೆಯ ನಿದರ್ಶನ. ಅಲ್ಲಿ ಪ್ಯಾಪ್ ತಪಾಸಣೆ ಆರಂಭವಾದುದು 1964ರಲ್ಲಿ. ಬೇಕೆಂದವರು ಮಾಡಿಸಿಕೊಳ್ಳಬಹುದಾಗಿತ್ತು. 20 ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ತಕ್ಕ ಫಲ ಕಾಣಲಿಲ್ಲ. ಅಪಾಯ ಹೆಚ್ಚಾಗಿದ್ದವರೇ ಬರುತ್ತಿರಲಿಲ್ಲ. 1988ರಲ್ಲಿ ಹೊಸದೊಂದು ಏರ್ಪಾಡು ಮಾಡಿದರು. ವಯಸ್ಸಿಗೆ ಬಂದ ಪ್ರತಿಯೊಬ್ಬ ಹೆಂಗಸಿನ ಹೆಸರನ್ನೂ ಪಟ್ಟಿಮಾಡಿ, ಸರದಿ ಬಂದಾಗ ಅಂಚೆಯಲ್ಲಿ ಕರೆಯೋಲೆ ಕಳುಹಿಸಿದರು. ಅವಧಿ ಮುಗಿದಾಗ ಮತ್ತೆ ಕಳುಹಿಸಿದರು. ಪರೀಕ್ಷೆಯಾದವರ ಸಂಖ್ಯೆ 1988ರಲ್ಲಿ 100ಕ್ಕೆ 42 ಇದ್ದುದು 1994ರ ವೇಳೆಗೆ 85ಕ್ಕೆ ಏರಿತು. ಆರು ವರ್ಷಗಳಲ್ಲಿ ಇಂಗ್ಲೆಂಡಿನ ಹೆಂಗಸರೆಲ್ಲ ಇದ್ದಕ್ಕಿದ್ದಂತೆ ವೈದ್ಯಶಾಸ್ತ್ರವನ್ನು ಕಲಿತುಬಿಟ್ಟರೆ? ಇಲ್ಲ. ಕಾಗದ ಬಂತು, ಹೋದರು.

ದಿಂಡಿಗಲ್ಲಿನ ಹೆಂಗಸರೂ ಹಾಗೆಯೆ. ದಾದಿ ಅವರಿರುವಲ್ಲಿಗೆ ಬಂದಳು, ಕರೆದಳು, ನೆರೆಹೊರೆಯವರೂ ಹೊರಟರು. ಮುಲಾಗೊದ ದಾದಿಯನ್ನು ಕರೆದವರು ಯಾರು? ಪರೀಕ್ಷೆಯ ಕೋಣೆ ಅವಳು ದಿನವೂ ನಡೆಯುವ ಓಣಿಯಲ್ಲಿಯೇ ಇದ್ದಿರಬಹುದು. ಆದರೆ ಅದರೊಳಕ್ಕೆ ಹೋಗಬೇಕೆಂದು ತಾನೇ ನಿಶ್ಚಯಿಸಿ, ಕೆಲಸದಿಂದ ಬಿಡುವು ಕೇಳಿ, ತನ್ನ ಜೊತೆಗಾರ್ತಿಯ ಮುಂದೆಯೇ ಮಂಚವನ್ನೇರಬೇಕು. ಪರೀಕ್ಷೆ ಮಾಡಿಸಿಕೊಳ್ಳದವರು ಅಲ್ಲಿ ಕೊಟ್ಟ ಕಾರಣಗಳನ್ನು ನೋಡಿ: ತಮಗೆ ಅಪಾಯವಿಲ್ಲವೆಂಬ ಭಾವನೆ, ರೋಗಲಕ್ಷಣವಿಲ್ಲ, ಉದಾಸೀನ, ಒಳಪರೀಕ್ಷೆಯ ಭಯ, ಪರೀಕ್ಷೆ ಅಹಿತಕರ, ಇನ್ನೂ ವಯಸ್ಸಾಗಿಲ್ಲ. ಇವುಗಳಲ್ಲಿ ಯಾವುದೂ ಮೂಢನಂಬಿಕೆಯಲ್ಲ. ಊರಿನ ಯಾವ ಹೆಂಗಸಾದರೂ ಹೇಳಬಹುದಾದ ಮಾತುಗಳು. ಬಿಳಿಯ ಉಡುಪು ತೊಟ್ಟ ಮಾತ್ರಕ್ಕೆ ನಾಚಿಕೆಯೂ ಭಯವೂ ಬಿಟ್ಟುಹೋಗುತ್ತವೆಯೆ? ಪರಿಚಯವಿಲ್ಲದ ದಾದಿಯ ಮುಂದೆ ಹಳ್ಳಿಯ ಹೆಂಗಸು ಪಡುವ ಸಂಕೋಚಕ್ಕಿಂತ, ನಾಳೆಯೂ ಜೊತೆಯಲ್ಲಿ ದುಡಿಯಬೇಕಾದವರ ಮುಂದೆ ದಾದಿ ಪಡುವ ಸಂಕೋಚ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿಯೂ ಉಂಟು. ದಾದಿಗೆ ಏಡಿಗಂತಿಯ ಪರಿಚಯವಾಗುವುದು ಆಸ್ಪತ್ರೆಯ ವಾರ್ಡಿನಲ್ಲಿ. ಅಲ್ಲಿಗೆ ಬರುವವರು ಬಹುಮಟ್ಟಿಗೆ ರೋಗ ಬಲಿತ ಮೇಲೆ ಬಂದವರು: ರಕ್ತ ಹೋಗುತ್ತಿರುವವರು, ನೋವಿನಿಂದ ನರಳುವವರು. ಇಂಥ ನೂರು ಜನರನ್ನು ನೋಡಿದವಳಿಗೆ ಏಡಿಗಂತಿ ಎಂದರೆ ಈ ಚಿತ್ರವೇ ಕಣ್ಣಮುಂದೆ ನಿಲ್ಲುತ್ತದೆ. ಅದಕ್ಕೂ ತನ್ನ ಆರೋಗ್ಯವಾದ ದೇಹಕ್ಕೂ ಏನು ಸಂಬಂಧ? ಮೊದಲೇ ಪತ್ತೆಯಾಗಿ, ಹತ್ತು ನಿಮಿಷದ ಚಿಕಿತ್ಸೆ ಪಡೆದು ಮನೆಗೆ ಹೋದ ಹೆಂಗಸು ವಾರ್ಡಿನಲ್ಲಿ ಕಾಣಸಿಗುವುದೇ ಇಲ್ಲ. ತಪಾಸಣೆಯ ಗೆಲವು ಕಣ್ಣಿಗೆ ಬೀಳುವುದಿಲ್ಲ, ಸೋಲು ಮಾತ್ರ ಮಂಚದ ಮೇಲೆ ಮಲಗಿರುತ್ತದೆ. ಹೀಗೆ ರೋಗದ ನಿಕಟ ಪರಿಚಯವು ಭಯವನ್ನು ಬೆಳೆಸುತ್ತದೆಯೆ ಹೊರತು ಅಭ್ಯಾಸವನ್ನು ಬೆಳೆಸುವುದಿಲ್ಲವೆಂದು ನಮ್ಮ ಊಹೆ.

ದಾದಿಯರ ಮೇಲೆ ಅನ್ಯಾಯದ ತೀರ್ಪು ಕೊಡುವುದೂ ಸುಲಭ. ನಮ್ಮ ದೇಶದಲ್ಲಿಯೂ ಹೊರಗೂ ಇಂಥ ವಿಚಾರಣೆಗಳು ಹಲವು ನಡೆದಿವೆ. ಭಾರತದಲ್ಲಿ ಈ ತಪಾಸಣೆಯನ್ನು ಆರಂಭಿಸಬೇಕೆಂದು ಗೊತ್ತುಮಾಡಿರುವುದೇ 30 ವರ್ಷಕ್ಕೆ. 24ರ ಹುಡುಗಿ ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲವೆಂದರೆ ಅವಳು ತಪ್ಪಿದಳೆಂದು ಎಣಿಸಬಾರದು. ಹಾಗೆಯೇ ಇನ್ನೊಂದು ಪ್ರಶ್ನೆ: ನೀವು ನಿಮ್ಮ ಸ್ತನವನ್ನು ತಿಂಗಳಿಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೀರಾ ಎಂದು ದಾದಿಯರನ್ನು ಕೇಳುವುದುಂಟು. ಚೀನದ ಶಾಂಘಾಯಿ ನಗರದ ಬಟ್ಟೆಗಿರಣಿಗಳಲ್ಲಿ ದುಡಿಯುವ ಸುಮಾರು 2,66,000 ಹೆಂಗಸರ ಮೇಲೆ ನಡೆದ ಪ್ರಯೋಗದ ಫಲ 2002ರಲ್ಲಿ ಹೊರಬಿದ್ದಿತು. ಹೀಗೆ ನೋಡಿಕೊಳ್ಳಲು ಕಲಿಸಿದ ಗುಂಪಿನಲ್ಲಿ ಸ್ತನದ ಏಡಿಗಂತಿಯ ಸಾವು ಕಡಮೆಯಾಗಿರಲಿಲ್ಲ. ಗಂಟು ಕಂಡರೆ ವೈದ್ಯರಿಗೆ ತೋರಿಸಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಅಭ್ಯಾಸವಿಲ್ಲದ ದಾದಿಯನ್ನು ಅಜ್ಞಾನಿಯೆನ್ನುವುದು ಸರಿಯಲ್ಲ. ತರಬೇತಾದವರು ಕೈಯಿಂದ ಪರೀಕ್ಷಿಸುವುದರಿಂದ ಸ್ವಲ್ಪ ಹೆಚ್ಚಿನ ಫಲವುಂಟು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವು 20 ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 50 ದಾಟಿದ ಹೆಂಗಸರಲ್ಲಿ ಸಾವು 100ಕ್ಕೆ ಸುಮಾರು 30ರಷ್ಟು ತಗ್ಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಹಾಗಾಗಲಿಲ್ಲ. ಬೆಂಗಳೂರಿನ ಏಡಿಗಂತಿ ದಾಖಲೆಯಲ್ಲಿ, 1982ರಲ್ಲಿ ಅದು ಆರಂಭವಾದ ಕಾಲಕ್ಕೆ ಹೆಂಗಸರಲ್ಲಿ ಗರ್ಭಕೊರಳಿನ ರೋಗವೇ ಮೊದಲ ಸ್ಥಾನದಲ್ಲಿತ್ತು. ಮುಂದೆ ಸ್ತನದ ರೋಗ ಅದನ್ನು ಹಿಂದೆ ಹಾಕಿತು.

ಭಾರತದಲ್ಲಿ ಈ ವಿಷಯ ಬರಿಯ ಕುತೂಹಲದ ಮಾತಲ್ಲ. ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1,27,000 ಹೆಂಗಸರಿಗೆ ಗರ್ಭಕೊರಳಿನ ಏಡಿಗಂತಿ ಹೊಸದಾಗಿ ಬಂದಿತು. ಸುಮಾರು 80,000 ಮಂದಿ ಅದರಿಂದ ಸತ್ತರು. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆಯಾಗಬೇಕೆಂದು ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು 100ಕ್ಕೆ 2 ಕೂಡ ಇರಲಿಲ್ಲ, 1.9 ಮಾತ್ರ. ಇದನ್ನು ಏರಿಸಬೇಕಾದ ಹೊರೆಯಲ್ಲಿ ದಾದಿಯರ ಪಾಲೇ ದೊಡ್ಡದು. ವಿನಿಗರ್ ಪರೀಕ್ಷೆ ಅವರ ಕೈಯಲ್ಲಿದೆ. ಅಸೆಟಿಕ್ ಆಮ್ಲದ ತೆಳು ದ್ರಾವಣವನ್ನು ಹತ್ತಿಯಿಂದ ಕೊರಳಿಗೆ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕಣಗಳಲ್ಲಿ ಪ್ರೋಟೀನು ಹೆಚ್ಚು; ಆಮ್ಲ ತಾಗಿದೊಡನೆ ಅದು ಒಡೆದ ಹಾಲಿನಂತೆ ಗಟ್ಟಿಯಾಗಿ ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ, ಬಿಳಿಯ ಮಚ್ಚೆ ಕಾಣುತ್ತದೆ. ಮುಂಬಯಿಯಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿಯೂ ಈ ಪರೀಕ್ಷೆ ಸಾವನ್ನು 100ಕ್ಕೆ 31ರಷ್ಟು ತಗ್ಗಿಸಿತು. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ (ಈಗಿನ ಧಾರಾಶಿವ) ಮಾತ್ರ ಅಂಥ ಫಲ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಅಲ್ಲಿ ಗೆದ್ದುದು ವೈರಸ್ಸನ್ನೇ ಹುಡುಕುವ ಪರೀಕ್ಷೆ. ಒಂದೇ ಒಂದು ಸಲ ಅದನ್ನು ಮಾಡಿದುದರಿಂದ ಎಂಟು ವರ್ಷಗಳಲ್ಲಿ ಸಾವು ಹೆಚ್ಚುಕಡಮೆ ಅರ್ಧಕ್ಕಿಳಿಯಿತೆಂದು 2009ರಲ್ಲಿ ಪ್ರಕಟವಾಯಿತು.

ಹೀಗೆ ಊರೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನಬೇಕಾದ ದಾದಿಯನ್ನು ಒಬ್ಬ ಹೆಂಗಸು, ‘ತಂಗೀ, ನೀನು ಮಾಡಿಸಿಕೊಂಡಿದ್ದೀಯಾ?’ ಎಂದು ಕೇಳಿದರೆ ಏನು ಉತ್ತರ? ಹೌದೆನ್ನಬಲ್ಲವಳ ಮಾತಿಗೆ ಬೇರೆಯೇ ತೂಕವಿರುತ್ತದೆ. ಎಷ್ಟು ನೋಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅವಳು ಪುಸ್ತಕದಿಂದ ಹೇಳಬೇಕಾಗಿಲ್ಲ. ಆದರೆ ದಾದಿಯ ತಪಾಸಣೆಗೆ ಇದೇ ಮುಖ್ಯ ಕಾರಣವೆನ್ನುವುದು ನಮಗೆ ಸರಿತೋರದು. ಅವಳೂ ಹೆಣ್ಣು, ಅವಳ ಗರ್ಭಕೋಶಕ್ಕೂ ಒಂದು ಕೊರಳಿದೆ. ಅಷ್ಟೇ ಸಾಕಾದ ಕಾರಣ.

ಅಷ್ಟೇ ಅಲ್ಲ, ದಾದಿಯ ವೃತ್ತಿಯಲ್ಲಿಯೇ ಕೆಲವು ಅಪಾಯಗಳುಂಟೆಂದು ಶಂಕಿಸಲಾಗಿದೆ. ಅವು ತಿಳಿದುಬಂದುದೂ ದಾದಿಯರಿಂದಲೆ. 1976ರಲ್ಲಿ ಅಮೆರಿಕದ ಹಾರ್ವರ್ಡಿನ ಫ್ರಾಂಕ್ ಸ್ಪೈಜರ್ ಎಂಬ ವಿಜ್ಞಾನಿ, ಗರ್ಭನಿರೋಧದ ಗುಳಿಗೆಗಳಿಂದ ಮುಂದೆ ಏನಾದರೂ ಕೆಡುಕಾಗುತ್ತದೆಯೆ ಎಂದು ತಿಳಿಯಲು 11 ಸಂಸ್ಥಾನಗಳ ವಿವಾಹಿತ ದಾದಿಯರಿಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳುಹಿಸಿದ. ದಾದಿಯರನ್ನೇ ಆರಿಸಿದುದು ಏಕೆ? ವೈದ್ಯದ ಪ್ರಶ್ನೆಗಳಿಗೆ ಅವರು ತಪ್ಪಿಲ್ಲದೆ ಉತ್ತರಿಸಬಲ್ಲರು, ತಮ್ಮ ದೇಹದ ವಿಷಯವನ್ನು ಸರಿಯಾಗಿ ವರದಿಮಾಡಬಲ್ಲರು ಎಂದು. ಸುಮಾರು 1,21,700 ಮಂದಿ ಉತ್ತರ ಬರೆದರು. ಅಲ್ಲಿಂದ ಮುಂದೆ ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ಹೋಗುತ್ತಲೇ ಬಂದಿತು, ಉತ್ತರಗಳೂ ಬರುತ್ತಲೇ ಇದ್ದವು. ಧೂಮಪಾನ, ಆಹಾರ, ಹಾರ್ಮೋನು ಗುಳಿಗೆ, ಇವುಗಳಿಗೂ ರೋಗಗಳಿಗೂ ಇರುವ ಸಂಬಂಧವನ್ನು ಕುರಿತು ಇಂದು ನಾವು ಬಲ್ಲ ಅನೇಕ ವಿಷಯಗಳು ಆ ಉತ್ತರಗಳಿಂದ ಬಂದವು. 30 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಸರದಿಯ ಮೇಲೆ ರಾತ್ರಿಪಾಳಿ ಮಾಡಿದ ದಾದಿಯರಲ್ಲಿ ಸ್ತನದ ಏಡಿಗಂತಿಯ ಸಂಭವ 100ಕ್ಕೆ 36ರಷ್ಟು ಹೆಚ್ಚೆಂದು 2001ರಲ್ಲಿ ಇದೇ ಅಧ್ಯಯನದಿಂದ ಪ್ರಕಟವಾಯಿತು. ಮುಂದಿನ ಅಧ್ಯಯನಗಳೆಲ್ಲವೂ ಇದನ್ನು ಒಪ್ಪಲಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಏಡಿಗಂತಿ ಸಂಶೋಧನ ಶಾಖೆಯು ರಾತ್ರಿಪಾಳಿಯನ್ನು ‘ಏಡಿಗಂತಿಯನ್ನು ಪ್ರಾಯಶಃ ತರತಕ್ಕವು’ ಎಂಬ ಗುಂಪಿಗೆ 2007ರಲ್ಲಿ ಸೇರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಉಳಿಸಿತು. ಇನ್ನೊಂದು ದಿಕ್ಕಿನಲ್ಲಿ, ಏಡಿಗಂತಿಯ ರೋಗಿಗಳಿಗೆ ಕೊಡುವ ತೀವ್ರ ಔಷಧಗಳನ್ನು ಕಲಸುವ ದಾದಿಯರ ಮೂತ್ರದಲ್ಲಿ ವಂಶವಾಹಿಗಳನ್ನು ಕೆಡಿಸುವ ಗುಣ ಹೆಚ್ಚಾಗಿತ್ತೆಂದು ಫಿನ್ಲೆಂಡಿನ ವಿಜ್ಞಾನಿಗಳು 1979ರಲ್ಲಿ ತೋರಿಸಿದರು. ಕೈಗವಸು, ವಿಶೇಷವಾದ ಗಾಳಿಪೆಟ್ಟಿಗೆ ಮುಂತಾದ ರಕ್ಷಣೆಗಳಿಗೆ ಇಂಥ ಸಂಶೋಧನೆಗಳೇ ಒತ್ತು ಕೊಟ್ಟವು.

ಎರಡು ವರ್ಷಕ್ಕೊಮ್ಮೆ ತಪ್ಪದೆ ಉತ್ತರ ಬರೆದವರೂ ದಾದಿಯರೆ, ಓಣಿಯ ಕೋಣೆಗೆ ಹೋಗದೆ ಉಳಿದವರೂ ದಾದಿಯರೆ. ಒಂದು ಕಡೆ ಗೊತ್ತಾದ ದಿನಕ್ಕೆ ಕಾಗದ ಬಂದಿತು, ಮತ್ತೊಂದು ಕಡೆ ಬರಲಿಲ್ಲ. ಆಸ್ಪತ್ರೆಗಳಲ್ಲಿ ದಾದಿಯರಿಗೆ ಏಡಿಗಂತಿಯ ಮೇಲೆ ಇನ್ನೊಂದು ಉಪನ್ಯಾಸ ಏರ್ಪಡಿಸುವುದಕ್ಕಿಂತ, 30 ತುಂಬಿದವರ ಪಟ್ಟಿ ಮಾಡಿ, ಪಾಳಿಯ ವೇಳಾಪಟ್ಟಿಯಲ್ಲಿಯೇ ಅವರ ತಪಾಸಣೆಗೊಂದು ಹೊತ್ತು ಗೊತ್ತುಮಾಡಿ, ಬೇಕೆಂದವರು ಬೇರೆ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಲು ಅನುಕೂಲ ಕಲ್ಪಿಸುವುದು ಹೆಚ್ಚು ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಸಂಕೋಚಕ್ಕೂ ಈಗ ಒಂದು ಪರಿಹಾರ ದೊರೆತಿದೆ. ವೈರಸ್ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸು ಪರದೆಯ ಮರೆಯಲ್ಲಿ ಒಂದು ಮೆದುವಾದ ಕಡ್ಡಿಯಿಂದ ತಾನೇ ತೆಗೆದುಕೊಳ್ಳಬಹುದು. ಯಾರ ಮುಂದೆಯೂ ಮಂಚವನ್ನೇರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಸೂಚನೆಗಳಲ್ಲಿ ಇದಕ್ಕೆ ಸಮ್ಮತಿಯಿತ್ತಿತು. ಆಸ್ಟ್ರೇಲಿಯದಲ್ಲಿ 2022ರ ಜುಲೈಯಿಂದ ತಪಾಸಣೆಯ ವಯಸ್ಸಿನ ಎಲ್ಲರಿಗೂ ಈ ಆಯ್ಕೆ ದೊರೆತಿದೆ. ನಮ್ಮಲ್ಲಿ ವೈರಸ್ ಪರೀಕ್ಷೆಯ ಬೆಲೆಯೇ ಇದಕ್ಕೆ ದೊಡ್ಡ ಅಡ್ಡಿ.

ಈ ಲೇಖನವನ್ನು ಓದುವ ವಿದ್ಯಾರ್ಥಿನಿಯರಲ್ಲಿ ಕೆಲವರು ನಾಳೆ ದಾದಿಯರ ಶಾಲೆಯನ್ನು ಸೇರತಕ್ಕವರು. ಪ್ಯಾಪಿಲೋಮ ವೈರಸ್ಸಿನ ವಿರುದ್ಧ ಲಸಿಕೆ 2006ರಿಂದ ಬಳಕೆಯಲ್ಲಿದೆ. ವೈರಸ್ ತಗುಲುವ ಮೊದಲೇ ಹಾಕಿಸಿಕೊಂಡರೆ ಅದರ ಬಲ ಹೆಚ್ಚು. 9ರಿಂದ 20 ವರ್ಷದೊಳಗಿನವರಿಗೆ ಒಂದೇ ಚುಚ್ಚುಮದ್ದೂ ಸಾಕಾಗಬಹುದೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಆದರೆ ಲಸಿಕೆಯು ಈ ವೈರಸ್ಸಿನ ಎಲ್ಲ ಅಪಾಯಕರ ತಳಿಗಳನ್ನೂ ತಡೆಯುವುದಿಲ್ಲ. ಆದುದರಿಂದ ಲಸಿಕೆ ಹಾಕಿಸಿಕೊಂಡವಳಿಗೂ, ಅವಳು ದಾದಿಯಾಗಿರಲಿ ಮತ್ತೇನೇ ಆಗಿರಲಿ, 30 ತುಂಬಿದ ವರ್ಷ ತಪಾಸಣೆಯ ಸರದಿ ಬರುತ್ತದೆ.